ಮಾಮನ ಎರಡನೇ ಕಾದಂಬರಿ

ನಾನು ಭಾಗ್ಯಶ್ರೀ. ಬರೆಯುವುದು ಸಸ್ಪೆನ್ಸ್ ಕಾದಂಬರಿ, ನಂಬಿದವರೇ ಕತ್ತು ಕೊಯ್ಯುವ ಕಥೆಗಳು. ಅಂಥ ನಾನೇ ನನ್ನ ಮೊದಲ ಕಾದಂಬರಿಯನ್ನು, ನಕಲು ಕೂಡ ಇಟ್ಟುಕೊಳ್ಳದೆ, ಅಕ್ಕ ಅಶ್ವಿನಿಯ ಗಂಡ ಪಂಪಾಪತಿ ಮಾಮನ ಕೈಗೆ ಕೊಟ್ಟೆ. ಲಿಂಗಸುಗೂರಿನಲ್ಲಿ ಅವನದೊಂದು ಪ್ರೆಸ್ಸಿದೆ. ಪುಸ್ತಕ ಚೆಂದಾಗಿಯೇ ಬಂತು, ಬರೆದವರು ಪಂಪಾಪತಿ ಎಂದು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?

ಅವ್ವನಿಗೆ ಹೇಳಿದೆ. ಮಸ್ಕಿಯ ನಮ್ಮ ಮನೆಯಲ್ಲಿ ಅವ್ವ ಕಸ್ತೂರೆಮ್ಮ ನಮ್ಮಿಬ್ಬರನ್ನೂ ಎದುರಿಗೆ ಕೂಡಿಸಿಕೊಂಡಳು. ಮಾಮ ಕೊರಳಲ್ಲಿದ್ದ, ಇಷ್ಟಲಿಂಗ ಇಡುವ ಬೆಳ್ಳಿಯ ಕರಡಿಗೆಯನ್ನು ಅಂಗೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, "ಒಳಗಿನ ಲಿಂಗದ ಆಣಿ ರೀ ಅತ್ತಿ, ಒಂದೊಂದು ಅಕ್ಷರನೂ ನಾನ ಬರದೀನಿ" ಅಂದ. ನಮ್ಮಲ್ಲಿ ಲಿಂಗ ಹಿಡಿದು ಆಣೆ ಮಾಡಿದರೆ ಅಲ್ಲಿಗೆ ಮಾತು ಮುಗಿಯಿತು.

"ಮನಿ ಅಳಿಯನ ಮ್ಯಾಲ ಕಳ್ಳತನ ಹೊರಸ್ತಿಯಲ್ಲ, ನಾಚಿಕಿ ಇಲ್ಲೇನು ನಿನಗ? ಕಾಲು ಬೀಳು" ಅಂದಳು ಅವ್ವ. ಬಿದ್ದೆ. ಅವತ್ತಿನ ಉರಿ ಆರದಿರಲೆಂದು ನಾನೇ ಗಾಳಿ ಹಾಕುತ್ತ ಬಂದೆ.

ಆಮೇಲೊಂದು ದಿನ ಗಂಡನ ಜೊತೆ ಜಗಳಾಡಿ ಬಂದ ಅಕ್ಕ ಅಳುತ್ತಲೇ ಬಾಯಿ ಬಿಟ್ಟಳು.

"ಅವರು ಆಣಿ ಮಾಡಿದಾಗ ಕರಡಿಗ್ಯಾಗ ಲಿಂಗ ಎಲ್ಲಿತ್ತು ಭಾಗ್ಯಾ? ಅದಕ್ಕಿಂತ ಮೊದಲ ತುರ್ವಿಹಾಳದ ಕಾಲುವಿಯಾಗ ಕಳಕೊಂಡು ಬಂದಿದ್ರು. ಸ್ವಾಮಿಗಳ ಕಡಿ ಹೋಗಿ ಹೊಸದು ಕಟ್ಟಿಸ್ಕೊಳ್ರಿ ಅಂದ್ರ, ಮಂದಿ ಏನಂತಾರ ಅಂತಾರ. ಅವ್ವಗ ಮಾತ್ರ ಹೇಳಬ್ಯಾಡ."

ಹೇಳಲಿಲ್ಲ. ಬರೆದೆ. ಮೊದಲಿಗೆ ಕಾಲುವೆಯಲ್ಲೊಂದು ಹೆಣ, ನಡುವೆ ಪೊಲೀಸರ ಓಡಾಟ. ಕಥೆ ಹೇಳುವ 'ನಾನು' ಯಾರೆಂಬುದು ಕೊನೆಯ ಅಧ್ಯಾಯದಲ್ಲಷ್ಟೇ ತಿಳಿಯುತ್ತದೆ. ನಾದಿನಿಯ ಪುಸ್ತಕ ಕದ್ದು, ಅತ್ತೆಯ ಮುಂದೆ ಖಾಲಿ ಕರಡಿಗೆ ಹಿಡಿದು ಆಣೆ ಮಾಡಿದ ಪ್ರೆಸ್ಸಿನ ಮಾಲೀಕ. ಮಾಮ ಅವತ್ತು ಆಡಿದ ಮಾತನ್ನು ಒಂದಕ್ಷರ ಬಿಡದೆ ಇಳಿಸಿದ್ದೆ.

ಅವನಿಗೋ, ಮುಂದಿನ ಪುಸ್ತಕ ಯಾವಾಗ ಎಂಬ ಓದುಗರ ಕಾಟ. "ತಪ್ಪಾತು ಮಾಮಾ, ಇದನ್ನರ ತಿದ್ದಿ ಕೊಡ್ರಿ" ಎಂದು ಕೈಮುಗಿದೆ. ಹಸಿದವನು ಹಿಟ್ಟು ಜರಡಿ ಹಿಡಿಯುತ್ತಾನೆಯೇ? ಮೊದಲಿನ ಕೆಲವು ಹಾಳೆ ಓದಿ ತಲೆದೂಗಿದ. ಉಳಿದದ್ದನ್ನು ಟೈಪ್ ಮಾಡುವ ಮೆಹನಾಜ್‌ಗೆ ದಾಟಿಸಿ, ತಾನು ಪುಸ್ತಕದ ಬೆನ್ನಿಗೆ ಹಾಕುವ ತನ್ನ ಫೋಟೊ ಆರಿಸುತ್ತ ಕೂತ. ಈ ಸಲವೂ ಹೆಸರು ಅವನದೇ.

ಬಿಡುಗಡೆ ಸಿಂಧನೂರಿನ ಒಂದು ಕಲ್ಯಾಣ ಮಂಟಪದಲ್ಲಿ. ಅವ್ವನನ್ನು ನಾನೇ ಮುಂದಿನ ಸಾಲಿನಲ್ಲಿ ಕೂಡಿಸಿ ಕೈಗೊಂದು ಪ್ರತಿ ಕೊಟ್ಟೆ. ಸಸ್ಪೆನ್ಸ್ ತಾಳದ ಜೀವ ಅದು, ಯಾವ ಕಾದಂಬರಿಯನ್ನಾದರೂ ಕೊನೆಯಿಂದಲೇ ಓದುತ್ತಾಳೆ. ಮಾಮ ಮೈಕಿನ ಮುಂದೆ, "ಇದು ನನ್ನ ಕರುಳಿನ ಕಥಿ ರೀ, ಪ್ರತಿ ಮಾತೂ ನಾ ಕಂಡುಂಡದ್ದು" ಎಂದು ಕೊರೆಯುತ್ತಿದ್ದ. ನಾನು ಅವ್ವನ ಮುಖವನ್ನೇ ನೋಡುತ್ತಿದ್ದೆ.

ಅವ್ವ ಪುಸ್ತಕ ಹಿಡಿದುಕೊಂಡೇ ವೇದಿಕೆ ಹತ್ತಿದಳು.

"ಅಳಿಯಂದ್ರ, ಇದು ಖರೇ ಏನು?"

"ಏ, ಕಥಿ ರೀ ಅತ್ತಿ."

"ನನ್ನ ಮುಂದ ನೀವು ಆಡಿದ ಮಾತು ಐತಿ ಇದರಾಗ. ಕರಡಿಗಿ ಬಿಚ್ಚಿ ತೋರಸ್ರಿ."

ಅವ್ವ ಬಿಚ್ಚಿ ಹಿಡಿದ ಹಾಳೆಯನ್ನು ಮಾಮ ಓದಿದ. ಒಂದು ಕೈಯಲ್ಲಿ ಕರಡಿಗೆಯನ್ನು ಗಟ್ಟಿಯಾಗಿ ಮುಚ್ಚಿಕೊಂಡು ಕೂಗಿಬಿಟ್ಟ.

"ಇದನ್ನ ನಾ ಬರದಿಲ್ರೀ ಅತ್ತಿ! ಬರದಾಕಿ ಭಾಗ್ಯಾ!"

ಮೈಕು ಚಾಲೂ ಇತ್ತು. ಸಭೆಯೆಲ್ಲ ಕೇಳಿತು. ನನ್ನ ಹೊಟ್ಟೆ ಅಷ್ಟು ತಣ್ಣಗೆ ಎಂದೂ ಆಗಿರಲಿಲ್ಲ.

"ಮತ್ತ ಮೊದಲಿಂದು?" ಅಂದಳು ಅವ್ವ.

ಮಾಮ ತಲೆ ತಗ್ಗಿಸಿದ. ಅವ್ವ ಕರಡಿಗೆ ನೋಡುವ ಗೋಜಿಗೆ ಹೋಗಲಿಲ್ಲ. ಕೆಳಗಿಳಿದು ನನ್ನ ಬಳಿ ಬರುವಷ್ಟರಲ್ಲಿ ನೆಂಟರಿಷ್ಟರೆಲ್ಲ ಆಕೆಯತ್ತ ನೋಡಿ ಪಿಸುಗುಡುತ್ತಿದ್ದರು.

"ಮಂದ್ಯಾಗ ನನ್ನ ಮಾನ ಕಳದಿ ಭಾಗ್ಯಾ. ಮನಿಯಾಗ ಹೇಳಿದ್ರ ಆಗ್ತಿರಲಿಲ್ಲೇನು?"

ಸೇಡು ಮಾಮನೊಬ್ಬನ ಮೇಲಿನದಾಗಿದ್ದರೆ ಹಾಗೇ ಮಾಡುತ್ತಿದ್ದೆ.

"ಮನಿಯಾಗನ ಹೇಳಿದ್ನಲ್ಲವ್ವಾ" ಅಂದೆ.

ಅವ್ವ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ನಾನು ಸಮಾಧಾನ ಮಾಡಲಿಲ್ಲ.