ಏಳು ಚಂದ್ರರ ಅಧ್ಯಕ್ಷ

ಮಂದಹಾಸನನ್ನು ಒಂದೇ ವಾರದಲ್ಲಿ ಮುಗಿಸಿಬಿಡಬೇಕು ಅಂದುಕೊಂಡಿದ್ದೆ. ಅವನು ಹತ್ತು ವಾರ ಬದುಕಿದ. ಬದುಕಿದ್ದಷ್ಟೇ ಅಲ್ಲ, ಏಳು ಚಂದ್ರರಿಗೂ ಅಧ್ಯಕ್ಷನಾಗಿ ಕುಳಿತ. ಅದರಲ್ಲಿ ಅರ್ಧ ತಪ್ಪು ನನ್ನದು, ಉಳಿದರ್ಧ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದ ಡಾಲಿಯದು.

ಒಮಾನಿನ ಅಲ್ ಹೈಲಿನಲ್ಲಿ, ಒಂದೇ ಕಟ್ಟಡದಲ್ಲಿ ನಮ್ಮ ಮನೆ ಎರಡನೇ ಮಹಡಿಯಲ್ಲಿ, ಜೊವಿಟಾಳದು ಕೆಳಗೆ. ಜೊವಿಟಾ ನರ್ಸು, ಬೆಳಿಗ್ಗೆ ಆರಕ್ಕೇ ಮನೆ ಬಿಡಬೇಕು. ಹಾಗಾಗಿ ಅವಳ ಡಾಲಿಯನ್ನೂ ನನ್ನ ಆಫಿಯಾಳನ್ನೂ ಶಾಲೆಗೆ ಬಿಡುವುದು ನನ್ನ ಕೆಲಸ. ಇಬ್ಬರಿಗೂ ಹತ್ತು ವರ್ಷ, ಇಬ್ಬರೂ ಒಂದೇ ಕ್ಲಾಸು. ಜನವರಿಯಲ್ಲಿ ಇಬ್ಬರಿಗೂ ಒಂದು ಹುಚ್ಚು ಹಿಡಿಯಿತು. ಕಾರು ಹೊರಟ ಕೂಡಲೇ ಬಲಗಡೆಯ ಕಿಟಕಿಗಾಗಿ ಜಗಳ. ಎಡಗಡೆಗೂ ಒಂದು ಕಿಟಕಿ ಉಂಟಲ್ಲ ಎಂದರೆ ಇಬ್ಬರೂ ನನ್ನನ್ನು ಏನೂ ತಿಳಿಯದವಳ ಹಾಗೆ ನೋಡುತ್ತಿದ್ದರು. ಮೂರನೇ ದಿನ ಸಿಗ್ನಲ್ಲಿನಲ್ಲಿ ನಿಂತಾಗ ನಾನು ಹೇಳಿದೆ:

"ಒಂದು ಕತೆ ಹೇಳ್ತೇನೆ. ಜಗಳ ಶುರುವಾಯ್ತೋ, ಕತೆ ಖಲಾಸ್."

"ವಾಟ್ ಕೈಂಡ್ ಆಫ್ ಸ್ಟೋರಿ?" ಆಫಿಯಾ ಕೇಳಿದಳು.

"ಆಕಾಶದ್ದು. ಅದರಲ್ಲೊಬ್ಬ ರಾಜಕಾರಣಿ."

ದೊಡ್ಡ ಗ್ರಹವೊಂದನ್ನು ಸುತ್ತುವ ಏಳು ಚಂದ್ರರು. ಏಳಕ್ಕೂ ಸೇರಿ ಒಂದು ಸಭೆ. ಆ ಸಭೆಯಲ್ಲಿ ಕುರ್ಚಿ ಜೋಡಿಸುವವನೇ ಮಂದಹಾಸ. ಯಾರು ಬೈದರೂ ನಗುತ್ತಾನೆ, ಎಲ್ಲರಿಗೂ "ನಾನು ನಿಮ್ಮ ಸೇವಕ" ಎನ್ನುತ್ತಾನೆ. ಒಂದು ದಿನ ಅವನು ಕೆಂಪು ಚಂದ್ರದ ನಾಯಕನ ಬೆನ್ನು ನೀಲಿ ಚಂದ್ರದ ನಾಯಕಿಯ ಮುಖಕ್ಕೆ ಬರುವ ಹಾಗೆ ಕುರ್ಚಿ ಇಟ್ಟ. ಅವಮಾನವಾಯಿತೆಂದು ಜಗಳ ಹತ್ತಿತು. ಮಂದಹಾಸನೇ ಓಡಿ ಬಂದು ಇಬ್ಬರ ಕೈ ಹಿಡಿದು ಸಮಾಧಾನ ಮಾಡಿದ. ಎಂಥ ಒಳ್ಳೆಯವನು ಎಂದು ಎಲ್ಲರೂ ಸೇರಿ ಅವನನ್ನು ಸಭೆಯ ಕಾರ್ಯದರ್ಶಿ ಮಾಡಿದರು.

ಹಿಂದಿನ ಸೀಟಿನಲ್ಲಿ ಕಿಟಕಿಯ ಜಗಳ ಮರೆತೇ ಹೋಗಿತ್ತು. ಶಾಲೆಯ ಗೇಟು ಬಂದಾಗ ಇಬ್ಬರಿಗೂ ಇಳಿಯುವ ಮನಸ್ಸಿರಲಿಲ್ಲ.

ಅವನಿಗೆ ಎದುರಾಗಿ ಆಫಿಯಾ ತನ್ನವಳೊಬ್ಬಳನ್ನು ತಂದಳು. ಚಂದ್ರದಿಂದ ಚಂದ್ರಕ್ಕೆ ನೀರು ಸಾಗಿಸುವ ಟ್ಯಾಂಕರ್ ನೌಕೆಯ ಕ್ಯಾಪ್ಟನ್ ಜುಮಾನಾ. ಮಂದಹಾಸ ಒಂದು ಸುಳ್ಳು ಪತ್ರ ಬರೆದು, ನೀಲಿಯವರು ನಿಮ್ಮ ನೀರು ಕದಿಯುತ್ತಾರೆ ಎಂದು ಕೆಂಪಿನವರಿಗೆ ತೋರಿಸಿದ. ಆ ಪತ್ರ ಜುಮಾನಾಳ ಕೈಗೆ ಸಿಕ್ಕಿತು. ನಾಳೆ ಅಕ್ಷರ ಹೋಲಿಸಿ ನೋಡಿದರೆ ಅವನ ಕತೆ ಮುಗಿಯುತ್ತದೆ ಎಂದು ನಾನು ಲೆಕ್ಕ ಹಾಕಿಕೊಂಡೇ ನಿಲ್ಲಿಸಿದ್ದೆ. ಮರುದಿನ ಕಾರು ಹತ್ತಿದ ಡಾಲಿ ಬೆಲ್ಟು ಹಾಕುವ ಮೊದಲೇ ಹೇಳಿದಳು:

"ಆಂಟಿ, ಅವನು ಎಡಗೈಯಲ್ಲಿ ಬರ್ದದ್ದು. ಸೋ, ಹ್ಯಾಂಡ್‌ರೈಟಿಂಗ್ ಮ್ಯಾಚ್ ಆಗುದಿಲ್ಲ."

"ದಟ್ಸ್ ಚೀಟಿಂಗ್," ಎಂದಳು ಆಫಿಯಾ.

"ಹೀ ಈಸ್ ದ ವಿಲನ್. ಅವನು ಚೀಟಿಂಗ್ ಮಾಡದೆ ಮತ್ತೆ ಎಂತ, ನಮಾಜು ಮಾಡುದಾ?"

ಒಳ್ಳೆಯ ಮಾತು. ಮಂದಹಾಸ ಬಚಾವಾದ. ಯುದ್ಧದ ಹೆದರಿಕೆ ತೋರಿಸಿ, ಮೂರು ತಿಂಗಳ ಮಟ್ಟಿಗೆ ಮಾತ್ರ ಎಂದು ಅಧ್ಯಕ್ಷ ಪದವಿಯನ್ನೂ ಸೈನ್ಯವನ್ನೂ ಕೇಳಿ ತೆಗೆದುಕೊಂಡ. ಮೂರು ತಿಂಗಳು ಮುಗಿದ ಕೂಡಲೇ ಜುಮಾನಾ ಹೋಗಿ ಅವನ ಬಾಗಿಲು ಬಡಿಯಬೇಕು ಎಂಬುದು ನನ್ನ ಲೆಕ್ಕ. ಅಷ್ಟರಲ್ಲಿ ಡಾಲಿ ಕೇಳಿದಳು, "ಯಾವ ಚಂದ್ರದ ಮೂರು ತಿಂಗಳು?" ಏಳನೆಯ ಚಂದ್ರ ಒಂದು ಸುತ್ತು ಬರಲಿಕ್ಕೆ ಮೂವತ್ತು ವರ್ಷ ಬೇಕಂತೆ. ಹಾಗಾದರೆ ಮೂರು ತಿಂಗಳೆಂದರೆ ತೊಂಬತ್ತು ವರ್ಷ. ಯಾವ ಚಂದ್ರದ ತಿಂಗಳೆಂದು ಕಾನೂನಿನಲ್ಲಿ ಯಾರೂ ಬರೆಸಿಕೊಂಡಿರಲಿಲ್ಲ. ನಾನು ಕನ್ನಡಿಯಲ್ಲಿ ಅವಳ ಮುಖ ನೋಡಿದೆ. ತುಟಿಯ ಮೇಲೆ ಹಾಲಿನ ಮೀಸೆ ಇನ್ನೂ ಒರೆಸಿಕೊಂಡಿರಲಿಲ್ಲ.

ಇನ್ನು ಜನರೇ ಎದ್ದು ಓಡಿಸಲಿ ಎಂದು ಮಂದಹಾಸನ ಕೈಯಲ್ಲಿ ಒಂದು ದೊಡ್ಡ ತಪ್ಪು ಮಾಡಿಸಿದೆ. ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಅವನು ಏಳು ಚಂದ್ರರಲ್ಲೂ ಶುಕ್ರವಾರದ ರಜೆ ರದ್ದು ಮಾಡಿದ. ಆಫಿಯಾ ಕೋಪದಲ್ಲಿ ನನ್ನ ಸೀಟನ್ನೇ ಒದ್ದಳು. ಕತೆಯಲ್ಲಿ ಬೀದಿ ತುಂಬ ಜನ ಎದ್ದರು.

"ಅವನು ಶನಿವಾರದ್ದೂ ರದ್ದು ಮಾಡ್ಬೇಕು," ಎಂದಳು ಡಾಲಿ ಶಾಂತವಾಗಿ. "ಮತ್ತೆ ಎರಡು ದಿನ ಬಿಟ್ಟು ಶನಿವಾರ ವಾಪಸ್ ಕೊಡ್ಬೇಕು. ಆಗ ಎಲ್ಲರೂ ಥ್ಯಾಂಕ್ಯೂ ಹೇಳಿ ಮನೆಗೆ ಹೋಗ್ತಾರೆ."

"ಇದನ್ನೆಲ್ಲ ಯಾರು ಹೇಳಿಕೊಟ್ಟದ್ದು ನಿಂಗೆ?"

"ಮಮ್ಮಿ ಹಾಗೇ ಮಾಡುದು. ಟಿವಿ, ಟ್ಯಾಬ್ ಎರಡೂ ಕಿತ್ಕೊಳ್ಳುದು. ಮತ್ತೆ ಟಿವಿ ಕೊಡುದು."

ಆ ಸಂಜೆ ಬಂಗುಡೆ ಸಾರು ತಂದುಕೊಟ್ಟ ಜೊವಿಟಾಳಿಗೆ ಇದನ್ನು ಹೇಳಿ ಇಬ್ಬರೂ ಮೆಟ್ಟಿಲ ಮೇಲೆ ಕೂತು ನಕ್ಕೆವು. ನಕ್ಕು ಮುಗಿದ ಮೇಲೆ ಅವಳು ಸೆರಗಿನಲ್ಲಿ ಕೈ ಒರೆಸುತ್ತಾ ಹೇಳಿದಳು:

"ನಿಜ್ವಾ ಊರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದ ಪತ್ರ ಬಂತು ಮಾರಾಯ್ತಿ. ಮಾರ್ಚ್ ಕೊನೆಗೆ ಮನೆ ಬಿಟ್ಟು ಅಲ್ಲಿಗೆ ಹೋಗ್ಬೇಕು. ಡಾಲಿಗೆ ನಿನ್ನೆ ಹೇಳಿದೆ. ಅಳ್ಲಿಲ್ಲ, ಒಂದು ಮಾತೂ ಆಡ್ಲಿಲ್ಲ. ಅದೇ ನಂಗೆ ಹೆದರಿಕೆ."

ಅಲ್ಲಿಂದ ಮುಂದೆ ಮಂದಹಾಸನನ್ನು ಬೀಳಿಸುವುದು ಅಸಾಧ್ಯವೇ ಆಯಿತು. ನೌಕೆ ಸ್ಫೋಟಿಸಿದರೆ ಅವನು ಆಗಲೇ ಇಳಿದು ಹೋಗಿರುತ್ತಿದ್ದ. ಸೇನಾಪತಿ ತಿರುಗಿ ಬಿದ್ದರೆ ಆ ಸೇನಾಪತಿ ಅವನ ಸೋದರಳಿಯನೇ ಆಗಿರುತ್ತಿದ್ದ. ಡಾಲಿ ದಿನವೂ ಒಂದೊಂದು ಉಪಾಯದೊಂದಿಗೆ ಕಾರು ಹತ್ತುತ್ತಿದ್ದಳು, ಜುಮಾನಾ ದಿನವೂ ಸೋಲುತ್ತಿದ್ದಳು. ಕೊನೆಯ ವಾರ ಆಫಿಯಾಗೆ ತಡೆಯಲಾಗಲಿಲ್ಲ.

"ಉಮ್ಮಾ, ಗುರುವಾರದ ಒಳಗೆ ಅವನನ್ನು ಬೀಳಿಸಿ. ಇಲ್ಲದಿದ್ರೆ ಡಾಲಿಗೆ ಎಂಡಿಂಗೇ ಗೊತ್ತಾಗುದಿಲ್ಲ."

"ಬೇಡ," ಎಂದಳು ಡಾಲಿ.

"ವೈ ನಾಟ್?"

ಡಾಲಿ ಕಿಟಕಿಯ ಕಡೆ ತಿರುಗಿಕೊಂಡಳು. "ಅರ್ಧದಲ್ಲಿ ಇರ್ಲಿ ಆಂಟಿ. ಮುಗೀದಿದ್ರೆ ನಾನು ಕೇಳ್ಲಿಕ್ಕೆ ಬರ್ಬೇಕಲ್ಲ. ಮುಗಿದ್ರೆ ಯಾರು ಕರೀತಾರೆ?"

ಮುಂದಿನ ಕಾರು ಹೋಗಿ ಆಗಿತ್ತು, ಹಿಂದಿನವರು ಹಾರ್ನ್ ಹಾಕಿದ ಮೇಲೆ ನಾನು ಗಾಡಿ ಮುಂದಕ್ಕೆ ತೆಗೆದೆ. ಕತೆ ಇಲ್ಲದೆಯೂ ನಿನ್ನನ್ನು ಕರೆಯುತ್ತೇವೆ ಮಗಾ ಎಂದೆ. ಹತ್ತು ವರ್ಷದ ಮಕ್ಕಳಿಗೆ ಇಂಥ ಮಾತಿನ ಮೇಲೆ ನಂಬಿಕೆ ಇರುವುದಿಲ್ಲ. ಕಟ್ಟಡದಿಂದ ಹೋದ ಎಷ್ಟು ಮಕ್ಕಳನ್ನು ನೋಡಿದ್ದಾರೆ ಅವರು. ಎಲ್ಲರಿಗೂ ಹೀಗೆಯೇ ಹೇಳಿ ಕಳಿಸಿದ್ದೆವು.

ಗುರುವಾರ ನಾನು ಅವನನ್ನು ಬೀಳಿಸಲಿಲ್ಲ. ಶಾಶ್ವತ ಅಧ್ಯಕ್ಷನಾಗಲು ಏಳೂ ಚಂದ್ರರ ರುಜು ಬೇಕು. ಆರು ರುಜು ಜೇಬಿನಲ್ಲಿಟ್ಟುಕೊಂಡು, ಖರ್ಜೂರವೇ ಬೆಳೆಯುವ ಏಳನೆಯ ಚಂದ್ರದ ಕಡೆಗೆ ಅವನ ನೌಕೆ ಹೊರಟಿತು. ಅಲ್ಲಿಗೆ ನಿಲ್ಲಿಸಿದೆ. ಡಾಲಿ ಬಾಯ್ ಕೂಡ ಹೇಳದೆ ಗೇಟಿನೊಳಗೆ ನಡೆದಳು.

ಶುಕ್ರವಾರ ಬೆಳಿಗ್ಗೆ ಜೊವಿಟಾಳ ಗಂಡ ಆಶ್ಲೆ ಬಾಡಿಗೆಯ ಪಿಕಪ್ಪಿನಲ್ಲಿ ಸಾಮಾನು ತುಂಬಿಸಿದ. ನನ್ನ ಗಂಡ ಹಕೀಂ ಫ್ರಿಜ್ಜು ಹಿಡಿಯಲಿಕ್ಕೆಂದು ಅವನ ಜೊತೆ ಹೋದರು. ಹೊಸ ಮನೆಯ ಅಡುಗೆಕೋಣೆ ಜೋಡಿಸಿಕೊಡಲು ನಾನೂ ಹೊರಟೆ. ನನ್ನ ಕಾರಿನಲ್ಲಿ ಜೊವಿಟಾ, ಇಬ್ಬರು ಹುಡುಗಿಯರು, ಮತ್ತು ಯಾರ ತೊಡೆಯ ಮೇಲೂ ನಿಲ್ಲದ ಒಂದು ಇಡ್ಲಿ ಪಾತ್ರೆ. ಒಂದೂವರೆ ಗಂಟೆಯ ದಾರಿಯಲ್ಲಿ ಡಾಲಿ ಬಾಯಿ ತೆರೆಯಲಿಲ್ಲ. ಆಫಿಯಾ ಬಲಗಡೆಯ ಕಿಟಕಿ ಬಿಟ್ಟುಕೊಟ್ಟರೂ ಕೂರಲಿಲ್ಲ.

ಮನೆಯೆಂದರೆ ಒಮಾನಿ ಕುಟುಂಬವೊಂದರ ವಿಲ್ಲಾದ ಹಿಂಭಾಗ. ಮನೆ ಚೆನ್ನಾಗಿತ್ತು, ಸುತ್ತ ಖರ್ಜೂರದ ಮರ. ಪೆಟ್ಟಿಗೆ ಬಿಚ್ಚುವ ಮೊದಲೇ ಮನೆಯೊಡೆಯನ ತಾಯಿ ಹೇಳಿ ಕಳಿಸಿದರು, ಕಹ್ವಾ, ಅಂದರೆ ಅರಬ್ಬರ ಕಾಫಿ, ಕುಡಿದು ಹೋಗಬೇಕೆಂದು. ಗಂಡಸರು ಅತಿಥಿಗಳು ಕೂರುವ ಹೊರಗಿನ ಮಜ್ಲಿಸಿಗೆ, ನಾವು ಒಳಕ್ಕೆ.

ಹನ್ನೊಂದು ವರ್ಷ ಒಮಾನಿನಲ್ಲಿದ್ದೂ ಒಮಾನಿಯವರ ಮನೆಯೊಳಗೆ ನಾನು ಕೂತದ್ದು ಅದೇ ಮೊದಲು. ಜೊವಿಟಾಳಿಗೂ ಮೊದಲು. ನಮ್ಮ ಕಟ್ಟಡದ ತುಂಬ ನಮ್ಮವರೇ, ಬಾಡಿಗೆ ಕೇಳಲು ಬರುವವನೂ ಮಲಯಾಳಿ. ಜಮಖಾನೆಯ ಮೇಲೆ ಕಾಲು ಮಡಚಿ ಕೂತೆವು. ಖರ್ಜೂರ ಬಂತು, ಹಲ್ವಾ ಬಂತು. ಅಜ್ಜಿಯ ಮೊಮ್ಮಗಳು ರಯ್ಯಾ, ನಮ್ಮ ಹುಡುಗಿಯರ ವಯಸ್ಸಿನವಳೇ, ಎಡಗೈಯಲ್ಲಿ ಕಹ್ವಾದ ಹೂಜಿ ಹಿಡಿದು ಬಲಗೈಯಿಂದ ಪುಟ್ಟ ಬಟ್ಟಲು ನೀಡಿದಳು. ಏಲಕ್ಕಿಯ ಪರಿಮಳ, ಮೂರು ಗುಟುಕು, ಅಷ್ಟೇ. ಎಂಜಲು ಉಳಿಸಬಾರದೆಂದು ಕುಡಿದು ಖಾಲಿ ಬಟ್ಟಲು ವಾಪಸು ಚಾಚಿದೆವು. ಅವಳು ಮತ್ತೆ ಹೊಯ್ದಳು. ಹಿರಿಯರ ಮನೆಯಲ್ಲಿ ಕೊಟ್ಟದ್ದನ್ನು ಬೇಡವೆನ್ನುವುದು ಹೇಗೆ? ಕುಡಿದೆವು, ಚಾಚಿದೆವು. ಮತ್ತೆ ಹೊಯ್ದಳು.

ಏಳನೆಯದಕ್ಕೆ ಜೊವಿಟಾ ನನ್ನ ಕಿವಿಯ ಹತ್ತಿರ ಬಗ್ಗಿದಳು. "ನಫೀಸಾ, ಇವ್ರು ನಿಲ್ಲಿಸುದೇ ಇಲ್ಲವಾ? ಇನ್ನೆರಡು ಕುಡಿದ್ರೆ ನನ್ನ ಇಸಿಜಿ ನಾನೇ ತೆಗೀಬೇಕಾದೀತು."

"ಸುಮ್ನೆ ಕುಡಿ. ಮನೆ ಬಾಡಿಗೆಗೆ ಕೊಟ್ಟವ್ರು. ಬೇಜಾರು ಮಾಡ್ಕೊಂಡ್ರೆ?"

"ನಂಗೆ ಬಾತ್‌ರೂಮಿಗೆ ಹೋಗ್ಬೇಕು."

"ನಂಗೂ."

ಅಜ್ಜಿ ಹೆಮ್ಮೆಯಿಂದ ನೋಡುತ್ತಿದ್ದರು, ಇಷ್ಟು ಕಹ್ವಾ ಪ್ರೀತಿಯ ಅತಿಥಿಗಳನ್ನು ಅವರು ಕಂಡಿರಲಿಲ್ಲವೇನೋ. ಒಂಬತ್ತನೆಯ ಬಟ್ಟಲಿಗೆ ರಯ್ಯಾಳ ಮುಖದಲ್ಲಿ ಅನುಮಾನ ಬಂತು. ಅವಳು ನಮ್ಮನ್ನು ಬಿಟ್ಟು ಡಾಲಿಯ ಕಡೆ ನೋಡಿದಳು. ಹೂಜಿ ಕೆಳಗಿಟ್ಟು, ಇಲ್ಲದ ಬಟ್ಟಲೊಂದನ್ನು ಬೆರಳಲ್ಲಿ ಹಿಡಿದ ಹಾಗೆ ಮಾಡಿ ಮಣಿಕಟ್ಟನ್ನು ಎರಡು ಸಲ ಅಲ್ಲಾಡಿಸಿದಳು. ಸಾಕು ಎನ್ನುವವರು ಇಲ್ಲಿ ಬಾಯಲ್ಲಿ ಹೇಳುವುದಿಲ್ಲ, ಬಟ್ಟಲು ಅಲ್ಲಾಡಿಸುತ್ತಾರೆ. ಅಲ್ಲಾಡಿಸದೆ ಚಾಚಿದರೆ ಇನ್ನೂ ಬೇಕು ಎಂದೇ ಅರ್ಥ.

"ಮಮ್ಮಿ," ಡಾಲಿ ಹೇಳಿದಳು, ಆ ದಿನದ ಮೊದಲ ಮಾತು ಅದು. "ಕಪ್ ಅಲ್ಲಾಡಿಸು."

ಜೊವಿಟಾ ಔಷಧದ ಬಾಟಲಿ ಕುಲುಕುವಂತೆ ಕುಲುಕಿದಳು. ರಯ್ಯಾ ಬಟ್ಟಲು ತೆಗೆದುಕೊಂಡಳು. ಜೊವಿಟಾ ಎದ್ದು ಓಡಿದ ವೇಗಕ್ಕೆ ಅಜ್ಜಿಗೆ ಎಲ್ಲವೂ ಅರ್ಥವಾಗಿ, ತಲೆವಸ್ತ್ರದ ತುದಿ ಬಾಯಿಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಡಾಲಿ ಆಫಿಯಾಳ ಹೆಗಲಿಗೆ ಹಣೆ ಒತ್ತಿ ನಗುತ್ತಿದ್ದಳು. ನಾನು ನಗಲಿಲ್ಲ, ಜೊವಿಟಾ ಹಿಂದಿರುಗಿ ಬರುವುದನ್ನೇ ಕಾಯುತ್ತಿದ್ದೆ.

ಮಧ್ಯಾಹ್ನದ ಮೇಲೆ ನಾನು ಹೊಸ ಅಡುಗೆಕೋಣೆಯ ಕಪಾಟಿಗೆ ಕಾಗದ ಹಾಸುತ್ತಿದ್ದಾಗ ಕಿಟಕಿಯಾಚೆಯಿಂದ ಮಾತು ಕೇಳಿಸಿತು. ಖರ್ಜೂರದ ತೋಟಕ್ಕೆ ನೀರು ಹೋಗುವ ಕಿರುಕಾಲುವೆಯಲ್ಲಿ ಮೂವರೂ ಕಾಲು ಇಳಿಬಿಟ್ಟು ಕೂತಿದ್ದರು. ಡಾಲಿ ಇಂಗ್ಲಿಷಿನಲ್ಲಿ ಕತೆ ಹೇಳುತ್ತಿದ್ದಳು. ಕುರ್ಚಿಯಿಂದ ಶುರು ಮಾಡಿ, ಎಡಗೈಯ ಪತ್ರ, ತೊಂಬತ್ತು ವರ್ಷ, ಶುಕ್ರವಾರ, ಒಂದೂ ಬಿಡದೆ. ರಯ್ಯಾ ನಡುನಡುವೆ "ವಲ್ಲಾ?", ನಿಜವಾಗಿಯೂ, ಎನ್ನುತ್ತಿದ್ದಳು. ಶುಕ್ರವಾರದ ವಿಷಯಕ್ಕೆ ಅವಳೂ ನೀರನ್ನು ಒದ್ದಳು.

"ದೆನ್?" ರಯ್ಯಾ ಕೇಳಿದಳು.

ನಾನು ಕತ್ತರಿ ಕೆಳಗಿಟ್ಟೆ. ನಾನು ಹೇಳಿದ್ದು ಅಲ್ಲಿಗೇ ನಿಂತಿತ್ತು.

ಡಾಲಿ ನೀರಿನಲ್ಲಿ ಕಾಲು ಆಡಿಸಿದಳು. ಆಮೇಲೆ ಮಂದಹಾಸನ ನೌಕೆಯನ್ನು ಖರ್ಜೂರದ ಚಂದ್ರದಲ್ಲಿ ಇಳಿಸಿದಳು. ಅಲ್ಲಿಯ ಒಡತಿ ಒಬ್ಬ ಅಜ್ಜಿ. ಬಾ ಮಗನೇ, ಕೂರು, ರುಜು ಆಮೇಲೆ, ಮೊದಲು ಕಹ್ವಾ ಎಂದಳು. ಕೆಂಪಿನ ನಾಯಕ, ನೀಲಿಯ ನಾಯಕಿ ಅಲ್ಲೇ ಕೂತಿದ್ದರು. ಅವರು ಮೂರು ಬಟ್ಟಲು ಕುಡಿದು ಅಲ್ಲಾಡಿಸಿದರು. ಮಂದಹಾಸ ಯಾಕೆಂದು ಕೇಳಲಿಲ್ಲ. ಕೇಳಿದರೆ ತನಗೆ ಗೊತ್ತಿಲ್ಲದ್ದೂ ಇದೆ ಎಂದು ತಿಳಿದುಹೋಗುತ್ತದಲ್ಲ. ನಗುತ್ತಲೇ ಕುಡಿದ. ಹತ್ತು. ಇಪ್ಪತ್ತು.

"ಫಾರ್ಟಿ," ಎಂದಳು ರಯ್ಯಾ.

ನಲವತ್ತು. ನಗು ಸಣ್ಣದಾಗುತ್ತಾ ಬಂತು. ಎದ್ದು ಹೋದರೆ ಅಜ್ಜಿಗೆ ಅವಮಾನ, ರುಜು ಸಿಗುವುದಿಲ್ಲ. ಬಾತ್‌ರೂಮಿಗೆ ಅವಸರವಾಯಿತು, ತಲೆ ಗಿರ್ರೆಂದಿತು, ಯಾರಿಗೆ ಯಾವ ಸುಳ್ಳು ಹೇಳಿದ್ದೆನೆಂಬುದೇ ಮರೆತುಹೋಯಿತು. ನೀಲಿಯವಳಿಗೆ ಹೇಳಬೇಕಾದದ್ದನ್ನು ಕೆಂಪಿನವನ ಎದುರು ಹೇಳಿಬಿಟ್ಟ. ಎಡಗೈಯ ಗುಟ್ಟೂ ಹೊರಬಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಗಿಲಲ್ಲಿ ಟ್ಯಾಂಕರಿನ ಕ್ಯಾಪ್ಟನ್ ಜುಮಾನಾ ಒಂದು ಕಾಗದ ಹಿಡಿದು ನಿಂತಿದ್ದಳು, ರಾಜೀನಾಮೆ ಪತ್ರ.

"ಅವಳು ಏನು ಹೇಳಿದ್ಳು ಗೊತ್ತಾ?" ಆಫಿಯಾ ಈಗ ಎದ್ದು ನಿಂತಿದ್ದಳು. "ಸೈನ್ ಫಸ್ಟ್. ಬಾತ್‌ರೂಮ್ ನೆಕ್ಸ್ಟ್."

ಅವನು ಓದದೆಯೇ ರುಜು ಹಾಕಿದ. ಬಲಗೈಯಲ್ಲಿ.

ಮೂವರ ನಗುವಿಗೆ ಒಳಗಿದ್ದ ಜೊವಿಟಾ ಓಡಿ ಬಂದಳು. "ಎಂತ ಆಯ್ತು?"

"ಸರ್ಕಾರ ಬಿತ್ತು," ಎಂದೆ.

ರಯ್ಯಾ ಒಂದು ವಿಷಯಕ್ಕೆ ಮಾತ್ರ ಒಪ್ಪಲಿಲ್ಲ. ಬಂದ ಅತಿಥಿಯನ್ನು ಓಡಿಸುವುದು ನಾಚಿಕೆಗೇಡು ಎಂದಳು. ಹಾಗಾಗಿ ಮಂದಹಾಸ ಅಲ್ಲಿಯೇ ಉಳಿದ, ಕಹ್ವಾ ಹೊಯ್ಯುವುದು ಮನೆಯ ಕಿರಿಯರ ಕೆಲಸವಾದ್ದರಿಂದ ಅವನನ್ನೇ ಎಲ್ಲರಿಗಿಂತ ಕಿರಿಯನೆಂದು ಲೆಕ್ಕ ಹಾಕಿ, ಬಂದವರಿಗೆಲ್ಲ ಹೊಯ್ಯುವ ಕೆಲಸ ಅವನಿಗೆ ಕೊಟ್ಟರು. ಶುಕ್ರವಾರವನ್ನು ಆಫಿಯಾ ಅದೇ ಸಂಜೆಯಿಂದ ಜಾರಿಗೆ ಬರುವಂತೆ ವಾಪಸು ಕೊಡಿಸಿದಳು.

ಬಿಸಿಲು ಇಳಿದ ಮೇಲೆ ನಾವು ಹೊರಟೆವು. ಈ ಗಳಿಗೆಗೆ ನಾನು ಬೆಳಗಿನಿಂದ ಹೆದರಿದ್ದೆ. ಡಾಲಿ ಒದ್ದೆ ಕಾಲಲ್ಲೇ ಓಡಿ ಬಂದು ಕಾರಿನ ಕಿಟಕಿ ಹಿಡಿದಳು. ಲಂಗದ ತುಂಬ ಕೆಸರು.

"ಆಂಟಿ, ನೀವು ಹೇಳಿದ್ರೆ ಅವನು ಬೀಳ್ತಿರ್ಲಿಲ್ಲ."

"ಯಾಕೆ?"

"ನಿಮ್ಗೆ ಪಾಪ ಕಾಣ್ತದೆ."

ತೋಟದ ಕಡೆಯಿಂದ ರಯ್ಯಾ ಕೂಗಿದಳು. ಡಾಲಿ ಆಫಿಯಾಳ ಕೆನ್ನೆ ಹಿಂಡಿ, "ಈದ್‌ಗೆ ಬಾ, ಇಲ್ಲದಿದ್ರೆ ನಾನೇ ಬರ್ತೇನೆ" ಎಂದು ಹೇಳಿ ತಿರುಗಿ ನೋಡದೆ ಓಡಿದಳು.

ದೊಡ್ಡ ರಸ್ತೆ ಸೇರಿದ ಮೇಲೆ ಆಫಿಯಾ ಕೇಳಿದಳು, "ಉಮ್ಮಾ, ನಿಮ್ಗೆ ಮಂದಹಾಸನ ಮೇಲೆ ಪಾಪ ಕಂಡದ್ದಾ?"

"ಯಾರ ಮೇಲೋ ಕಂಡಿತ್ತು," ಎಂದೆ. "ಬೆಲ್ಟ್ ಹಾಕು."