ಹಲಗೆಯ ಹಿಂದೆ

ಪಂದ್ಯದಲ್ಲಿ ತನ್ನ ಸರದಿ ಬಂದು, ಹಿಡಿಯಿರುವ ಭಾರದ ಗುಂಡನ್ನು ಮಂಜುಗಡ್ಡೆಯ ಮೇಲೆ ಜಾರಿಸಿಬಿಡಲು ಕಾಸಿಯಾನ್ ಬಲಗೈಯನ್ನು ಹಿಂದಕ್ಕೆ ಎಳೆದಿದ್ದ. ಅಷ್ಟರಲ್ಲಿ ಜೇಬಿನ ಫೋನು ಹೊಡೆದುಕೊಂಡಿತು.

"ತೆಗೀಬೇಡ್ವೋ ಮಾರಾಯ! ಹೆಂಡ್ತಿ ಇರ್ಬೇಕು. ಸೋತ್ಮೇಲೆ ಬೈಸ್ಕೊಂಡ್ರಾಯ್ತು," ಎಂದ ಪಕ್ಕದೂರಿನ ತಂಡದ ನಾಯಕ ವೆಂಡೆಲಿನ್. ಅವನ ಕಡೆಯವರೆಲ್ಲ ಹೋ ಎಂದು ನಕ್ಕರು.

ಹೊಸ ವರ್ಷಕ್ಕೆ ಇನ್ನು ಎರಡೇ ದಿನ. ನಮ್ಮೂರು ಗ್ರುಂಡೆಗ್‌ನ ಕೆರೆ ಕಲ್ಲಿನಂತೆ ಗಟ್ಟಿಯಾಗಿತ್ತು. ಪ್ರವಾಸಿಗರ ಮಕ್ಕಳು ಬೆಳಗಿನ ಸ್ಕೀ ಓಟದ ಪದಕಗಳನ್ನು ಕೊರಳಿಗೆ ಹಾಕಿಕೊಂಡು ದಂಡೆಯಲ್ಲಿ ಜಾರುಬಂಡಿ ಎಳೆಯುತ್ತಿದ್ದರು. ಪದಕ ಎಲ್ಲರಿಗೂ ಕೊಡುತ್ತೇವೆ, ಇಲ್ಲದಿದ್ದರೆ ಅಪ್ಪಂದಿರು ಜಗಳಕ್ಕೆ ಬರುತ್ತಾರೆ. ಗಂಟೆ ಐದೂಕಾಲು. ಚಳಿ ಸೊನ್ನೆಗಿಂತ ಹದಿನಾರು ಡಿಗ್ರಿ ಕೆಳಗಿತ್ತು.

ಫೋನು ಮಾಡಿದವಳು ಬುರ್ಗಾ. ಬೆಟ್ಟಕ್ಕೆ ಹೋಗುವ ಕುರ್ಚಿ ಲಿಫ್ಟಿನ ಮೇಲಿನ ತುದಿ ಅವಳದು, ಕೆಳಗಿನ ತುದಿ ಕಾಸಿಯಾನನದು. ಇಪ್ಪತ್ತೊಂಬತ್ತು ವರ್ಷಗಳಿಂದ ಹೀಗೆಯೇ.

"ಇಲಿಂಕಾ ಕೆಳಗೇ ಉಳ್ಕೊಂಡ್ಲೇನೋ?"

"ಇಲ್ವಲ್ಲ, ಮೇಲೆ ಬಂದ್ಲಲ್ಲ."

"ಯಾವಾಗ ಬಂದ್ಲು?"

"ಆಗ್ಲೇ. ಹಲಗೆ ಹಿಂದೆ."

ಬುರ್ಗಾಳ ದನಿ ಏರಿತು. "ಹಲಗೆ ಹಿಂದೆ ಇಬ್ರು ಅಂದ್ಯಲ್ಲೋ ನೀನು. ಇಬ್ರೂ ಇಳಿದ್ರು, ಸ್ಕೀ ಮೇಷ್ಟ್ರುಗಳು. ನಾನು ಮೋಟಾರು ನಿಲ್ಸಿ ಒಂದ್ ಗಂಟೆ ಆಯ್ತು."

ಕಾಸಿಯಾನನ ಕೈಯಿಂದ ಗುಂಡು ಕಳಚಿ ತನ್ನ ಪಾಡಿಗೆ ಜಾರಿಹೋಗಿ ಹಿಮದ ದಂಡೆಗೆ ಬಡಿಯಿತು.

ಈ ಹಲಗೆಯ ವಿಷಯ ಹೇಳಬೇಕು. ಸಂಜೆ ನಾಲ್ಕಕ್ಕೆ ಕೊನೆಯ ಪ್ರವಾಸಿಗ ಹತ್ತಿದ ಮೇಲೆ ಕಾಸಿಯಾನ್ ಅವನ ಹಿಂದೆಯೇ ಬರುವ ಖಾಲಿ ಕುರ್ಚಿಗೆ ಕೆಂಪು ಬಳಿದ ಹಲಗೆಯೊಂದನ್ನು ತೂಗುಹಾಕುತ್ತಾನೆ. ಹಲಗೆ ಮೇಲಿನ ತುದಿ ಮುಟ್ಟಿದರೆ ದಾರಿಯಲ್ಲಿ ಯಾರೂ ಇಲ್ಲ ಎಂದು ಅರ್ಥ. ಬುರ್ಗಾ ಮೋಟಾರು ನಿಲ್ಲಿಸಬಹುದು. ಕಾನೂನು ಅಷ್ಟೇ. ಆದರೆ ಕಾನೂನಿಗಿಂತ ನಮ್ಮೂರು ಹಳೆಯದು. ಊರಿನವರು ಹಲಗೆಯ ಹಿಂದಿನ ಕುರ್ಚಿಗಳಲ್ಲಿ, ಟಿಕೆಟ್ಟಿಲ್ಲದೆ, ಮೇಲೆ ಹೋಗುತ್ತಾರೆ. ಎಷ್ಟು ಜನ ಎಂದು ಕಾಸಿಯಾನ್ ಫೋನಿನಲ್ಲಿ ಹೇಳುತ್ತಾನೆ, ಅಷ್ಟು ಜನ ಇಳಿಯುವವರೆಗೆ ಬುರ್ಗಾ ಕಾಯುತ್ತಾಳೆ. ವಿಯೆನ್ನಾದಿಂದ ಬಂದು ನೆಲೆಸಿದ ಶಾಲೆಯ ಮೇಡಮ್ಮನವರನ್ನು ಹಲಗೆಯ ಹಿಂದೆ ಕೂರಿಸಿಕೊಳ್ಳಲು ನಾವು ಹನ್ನೊಂದು ವರ್ಷ ತೆಗೆದುಕೊಂಡೆವು. ಅಂಥ ಜನ ನಾವು.

ಇಲಿಂಕಾ ರೊಮೇನಿಯಾದವಳು. ಬೆಟ್ಟದ ಮೇಲಿನ ಊಟದ ಮನೆಯಲ್ಲಿ ಪಾತ್ರೆ ತೊಳೆಯುತ್ತಾಳೆ, ಅಲ್ಲಿಯೇ ಮಲಗುತ್ತಾಳೆ. ಇದು ಅವಳ ಮೂರನೆಯ ಚಳಿಗಾಲ. ಹೋದ ವರ್ಷ ಕಾಸಿಯಾನ್ ಒಂದು ಸಂಜೆ, "ಬಾ ಮಗಳೇ, ಹತ್ತು," ಎಂದು ಹಲಗೆಯ ಹಿಂದಿನ ಕುರ್ಚಿ ಹಿಡಿದು ಕೊಟ್ಟಿದ್ದ. ಆ ಖುಷಿಯನ್ನು ಅವಳು ವಾರಗಟ್ಟಲೆ ಎಲ್ಲರೆದುರೂ ಹೇಳಿಕೊಂಡಿದ್ದಳು. "ನಾನೂ ಈಗ ಹಲಗೆ ಹಿಂದಿನವಳು!"

ಈ ಸಲ, ಆಟವಿದ್ದ ದಿನ, ಅಡುಗೆಮನೆಯಲ್ಲಿ ಈರುಳ್ಳಿ ಮುಗಿದಿತ್ತು. ಇಲಿಂಕಾಳನ್ನು ಕೆಳಗೆ ಅಟ್ಟಿದ್ದರು. ಅವಳು ಚೀಲ ಹೊತ್ತು ಓಡಿಬರುವಷ್ಟರಲ್ಲಿ ಹಲಗೆಯೂ ಹೋಗಿತ್ತು, ಮೇಷ್ಟ್ರುಗಳೂ ಹೋಗಿದ್ದರು, ಅವರ ಹಿಂದೆ ಹತ್ತು ಹನ್ನೆರಡು ಖಾಲಿ ಕುರ್ಚಿಗಳೂ ಹೋಗಿದ್ದವು. ಕಾಸಿಯಾನನೇ ಅವಳ ಮಡಿಲಿಗೆ ಚೀಲ ಇಟ್ಟ. ಬೀಳದಂತೆ ತಡೆಯುವ ಅಡ್ಡಸಲಾಕೆ ಇಳಿಸಿದ. "ಹುಷಾರು ಮಗಳೇ, ಈರುಳ್ಳಿ ಬೀಳಿಸಿ ಯಾರ್ದಾದ್ರೂ ತಲೆ ಒಡೆದೀಯ," ಎಂದು ನಕ್ಕ. ಆಮೇಲೆ ಫೋನೆತ್ತಿ, ಆಟಕ್ಕೆ ಹೊತ್ತಾಯಿತೆಂಬ ಅವಸರದಲ್ಲಿ, "ಹಿಂದೆ ಇಬ್ರು," ಎಂದ.

ಈಗ ಅವನು ಓಡುತ್ತಿದ್ದ. ಕೆರೆಯಿಂದ ಲಿಫ್ಟಿಗೆ ಇನ್ನೂರು ಹೆಜ್ಜೆ. ಕೆಳಗಿನ ಬೀಗ ತಿರುಗಿಸದೆ ಮೇಲಿನ ಮೋಟಾರು ಏಳುವುದಿಲ್ಲ. ಕೀಲಿ ಕೈಯಲ್ಲಿದ್ದರೂ ತೂತು ಸಿಗಲಿಲ್ಲ. ಎರಡು ಸಲ ಕೀಲಿ ಹಿಮಕ್ಕೆ ಬಿತ್ತು. ಹಿಂದೆಯೇ ಓಡಿಬಂದಿದ್ದ ವೆಂಡೆಲಿನ್ ಹೆಕ್ಕಿ ಕೊಟ್ಟ. ಈಗ ಅವನೂ ನಗುತ್ತಿರಲಿಲ್ಲ.

ಹಗ್ಗ ನರಳಿಕೊಂಡು ಹೊರಟಿತು. ಮೇಲೆ ಮಂಜು ಕವಿದು ಮೂರನೆಯ ಕಂಬದಾಚೆ ಏನೂ ಕಾಣುತ್ತಿರಲಿಲ್ಲ. ಲೆಕ್ಕ ಹಾಕಿದರೆ ಅವಳ ಕುರ್ಚಿ ನಿಂತಿದ್ದು ಕಮರಿಯ ಮೇಲೆ. ಗಾಳಿ ನುಗ್ಗುವ ಜಾಗ ಅದು. ಕೂಗಿದರೆ ಕೂಗು ಆಚೆ ಕಣಿವೆಗೆ ಹೋಗುತ್ತದೆ. ಕೆಳಗೆ ನಲವತ್ತು ಅಡಿ ಆಳ, ಬರೀ ಬಂಡೆ. ಚಳಿ ತಡೆಯಲಾರದೆ ಹಾರಿದ್ದರೆ? ಕಾಸಿಯಾನ್ ಖಾಲಿ ಕುರ್ಚಿಗಳು ಒಂದೊಂದಾಗಿ ಮಂಜಿನೊಳಗೆ ಹೋಗುವುದನ್ನು ನೋಡುತ್ತ ನಿಂತ.

"ಎಲ್ರಿಗೂ ಆಗತ್ತೆ ಬಿಡೋ," ಎಂದ ವೆಂಡೆಲಿನ್ ಮೆಲ್ಲಗೆ. "ನೋಡಿರಲ್ಲ ನೀನು. ಗಡಿಬಿಡೀಲಿ..."

"ನೋಡ್ದೆ ಕಣೋ. ಕಣ್ಣಾರೆ ನೋಡ್ದೆ, ಮಾತಾಡಿಸ್ದೆ, ಈ ಕೈಯಾರೆ ಹತ್ತಿಸ್ದೆ." ಕಾಸಿಯಾನ್ ಕೈ ಎತ್ತಿ ತೋರಿಸಿದ. "ಎಣಿಸ್ಲಿಲ್ಲ."

ನಾವು ನಾಲ್ಕಾರು ಜನ ಅಲ್ಲಿದ್ದೆವು. ಕಾಸಿಯಾನನ ಮುಖ ನೋಡಲು ಯಾರಿಗೂ ಧೈರ್ಯವಾಗಲಿಲ್ಲ. ಆ ಫೋನು ನಮ್ಮ ಕೈಯಲ್ಲಿದ್ದರೆ ನಾವು ಎಷ್ಟು ಎನ್ನುತ್ತಿದ್ದೆವೋ, ದೇವರೇ ಬಲ್ಲ.

ನಾಲ್ಕನೆಯ ನಿಮಿಷಕ್ಕೆ ಬುರ್ಗಾಳ ಫೋನು ಬಂತು. "ಬಂದ್ಲು. ಜೀವ ಇದೆ. ಕೈಗವಸು ಸಲಾಕೆಗೆ ಹೆಪ್ಪುಗಟ್ಟಿದೆ, ಬಿಸಿನೀರು ಹಾಕಿ ಬಿಡಿಸ್ತಿದೀನಿ." ಆಮೇಲೆ ಬುರ್ಗಾ ಅತ್ತಳು. "ಈರುಳ್ಳಿ ಚೀಲ ಬಿಟ್ಟಿಲ್ಲ ಕಣೋ. ತಬ್ಬಿಕೊಂಡೇ ಕೂತಿದಾಳೆ."

ಮರುದಿನ ಮೊದಲ ಕುರ್ಚಿಯಲ್ಲಿ ಕಾಸಿಯಾನ್ ಮೇಲೆ ಹೋದ. ಇಲಿಂಕಾ ಒಲೆಯ ಪಕ್ಕದ ಬೆಂಚಿನಲ್ಲಿ ಕೂತಿದ್ದಳು. ಬಲಗೈಯ ಮೂರು ಬೆರಳಿಗೆ ಬಟ್ಟೆ ಸುತ್ತಿತ್ತು. ಡಾಕ್ಟರು ನೋಡಿದ್ದರು, ಬೆರಳು ಉಳಿಯುತ್ತವೆ ಎಂದಿದ್ದರು. ಅವಳು ತನ್ನ ಫೋನನ್ನು ಮೇಲೆ ಚಾರ್ಜಿಗೆ ಹಾಕಿಟ್ಟು ಕೆಳಗೆ ಹೋಗಿದ್ದಳಂತೆ, ಅದಕ್ಕೇ ಯಾರನ್ನೂ ಕರೆಯಲಾಗಿರಲಿಲ್ಲ.

"ತಪ್ಪಾಯ್ತು ಮಗಳೇ," ಎಂದ.

"ಮೊದ್ಲು ಕರೆಂಟು ಹೋಗಿದೆ ಅಂದ್ಕೊಂಡೆ," ಎಂದಳು ಅವಳು. "ಆಮೇಲೆ ಊರಲ್ಲಿ ದೀಪ ಹತ್ತಿದ್ದು ಮಂಜಲ್ಲೇ ಸ್ವಲ್ಪ ಕಾಣಿಸ್ತು. ಕರೆಂಟು ಇದೆ. ಹಾಗಾದ್ರೆ ಯಾಕೆ ನಿಂತಿತು ಅಂತ ಯೋಚ್ನೆ ಮಾಡಿದೆ. ಯೋಚ್ನೆ ಮಾಡಕ್ಕೆ ಬೇಕಾದಷ್ಟು ಹೊತ್ತಿತ್ತು." ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಕಾಸಿಯಾನನಿಗೆ ಸುಲಭವಾಗುತ್ತಿತ್ತು. "ಕಾಸಿಯಾನ್ ಮಾಮ, ಬುರ್ಗಕ್ಕ ಹೇಳಿದ್ರು. ನೀವು ಇಬ್ರು ಅಂದ್ರಂತೆ. ಯಾಕೆ?"

ಅವಸರ ಎನ್ನಬಹುದಿತ್ತು, ಆಟ ಎನ್ನಬಹುದಿತ್ತು. ಅವಳು ಅವನನ್ನೇ ನೋಡುತ್ತಿದ್ದಳು. ಅವನು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದ.

ಹೊಸ ವರ್ಷ ಕಳೆದ ಮೂರನೆಯ ದಿನ ಇಲಿಂಕಾ ಬೆರಳಿಗೆ ಸುತ್ತಿದ ಬಟ್ಟೆ ಬದಲಿಸಿಕೊಳ್ಳಲು ಡಾಕ್ಟರ ಬಳಿಗೆ ಕೆಳಗೆ ಬಂದಳು. ನಾಲ್ಕಾಗುತ್ತ ಬಂತು. ಕಾಸಿಯಾನ್ ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ರಸ್ತೆಯ ಕಡೆಗೇ ನೋಡುತ್ತಿದ್ದ. ಇವತ್ತು ಅವಳ ಪಕ್ಕದಲ್ಲಿ ತಾನೇ ಕೂತು ಮೇಲಿನವರೆಗೂ ಹೋಗಬೇಕೆಂದು ಬೆಳಗಿನಿಂದ ಅಂದುಕೊಂಡಿದ್ದ.

ಅವಳು ರಸ್ತೆಯ ಕಡೆಯಿಂದ ಬರಲಿಲ್ಲ. ನೋಡಿದರೆ ಪ್ರವಾಸಿಗರ ಸಾಲಿನಲ್ಲಿ ನಿಂತಿದ್ದಳು, ಪದಕ ಹಾಕಿಕೊಂಡ ಒಂದು ಪುಟ್ಟ ಹುಡುಗಿಯ ಹಿಂದೆ. ಸರದಿ ಬಂದಾಗ ಎಡಗೈಯಿಂದ ಟಿಕೆಟ್ ತೆಗೆದು ಗೇಟಿಗೆ ತೋರಿಸಿದಳು. ಗೇಟು ತೆರೆಯಿತು. ಕಾಸಿಯಾನನಿಗೆ ಎಲ್ಲ ಪ್ರವಾಸಿಗರೂ ಮಾಡುವಷ್ಟೇ ತಲೆಬಾಗಿ, ಕುರ್ಚಿಯಲ್ಲಿ ಕೂತು, ಅಡ್ಡಸಲಾಕೆಯನ್ನು ತಾನೇ ಇಳಿಸಿಕೊಂಡಳು.

ಸಾಲಿನಲ್ಲಿ ಅವಳೇ ಕೊನೆಯವಳು. ಕಾಸಿಯಾನ್ ಅವಳ ಹಿಂದಿನ ಕುರ್ಚಿಗೆ ಹಲಗೆ ತೂಗುಹಾಕಿ ಫೋನೆತ್ತಿದ.

"ಹಿಂದೆ ಎಷ್ಟು?" ಎಂದಳು ಬುರ್ಗಾ.

ಅವನು ಹಲಗೆಯ ಹಿಂದಿನ ಖಾಲಿ ಕುರ್ಚಿಗಳ ಮೇಲೆ ಒಂದೊಂದಾಗಿ ಕಣ್ಣು ಹಾಯಿಸಿದ. ಇಲಿಂಕಾಳ ಹಿಂದೆಯೇ ಕೆಂಪು ಹಲಗೆ ಗಾಳಿಗೆ ಅಲ್ಲಾಡುತ್ತ ಮೊದಲ ಕಂಬ ದಾಟಿತು.