ಎರಡನೇ ಎಸೆತ ಇಲ್ಲ

ನಿವೃತ್ತಿಯಾಗಿ ಎರಡು ತಿಂಗಳಾದ ಮೇಲೆ ನಾನು ಒಬ್ಬ ಕೋಟೆ ಕಾವಲುಗಾರನನ್ನು ಹುಟ್ಟಿಸಿದೆ. ವಯಸ್ಸು ನಲವತ್ತು, ಎಡಗಾಲು ಸ್ವಲ್ಪ ಕುಂಟು, ಒಂದು ಕೈಯಲ್ಲಿ ಈಟಿ, ಇನ್ನೊಂದರಲ್ಲಿ ಲಾಟೀನು. ಹೆಸರು ಇನ್ನೂ ಇಟ್ಟಿರಲಿಲ್ಲ. ಮೊದಲು ಅಳತೆ, ಆಮೇಲೆ ಹೆಸರು. ಮೂವತ್ತೊಂದು ವರ್ಷ ಅಂಗಡಿ ಅಂಗಡಿ ತಿರುಗಿ ತಕ್ಕಡಿ ತಪಾಸಣೆ ಮಾಡಿದವನಿಗೆ ಬೇರೆ ಕ್ರಮ ಗೊತ್ತಿಲ್ಲ.

ಇದು ನಾನಾಗಿ ಹುಡುಕಿಕೊಂಡ ಹುಚ್ಚಲ್ಲ. ನಿವೃತ್ತಿಯ ಮೊದಲ ತಿಂಗಳು ನಾನು ಅಡುಗೆಮನೆಯ ಡಬ್ಬಿಗಳನ್ನು ಒಂದೊಂದಾಗಿ ತೂಗಿದೆ. ಸಕ್ಕರೆಯ ಪೊಟ್ಟಣದಲ್ಲಿ ಎಂಟು ಗ್ರಾಂ ಕಡಿಮೆ ಇದೆ ಎಂದು ಹೆಂಡತಿಗೆ ತೋರಿಸಿದಾಗ ಅವಳು ಎರಡೂ ಕೈ ಜೋಡಿಸಿದಳು.

"ರೀ, ನಿಮಗೆ ಕೈ ಮುಗೀತೀನಿ. ಏನಾದ್ರೂ ಆಟ ಆಡ್ಕೊಳ್ಳಿ. ಇಲ್ಲ ನನ್ನ ಹತ್ರ ಕಾರು ಕಲಿಯೋಕೆ ಬನ್ನಿ."

ಅವಳು ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುತ್ತಾಳೆ. ಕಲಿಯುವವರು ಏನೇ ಮಾಡಿಕೊಳ್ಳಲಿ, ಪಕ್ಕದ ಸೀಟಿನಲ್ಲಿ ಅವಳ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ. ಮನೆಯಲ್ಲೂ ಇದೆ. ನಾನು ಮರುದಿನವೇ ಫುಟ್‌ಪಾತಿನ ಹಳೇ ಪುಸ್ತಕದವನ ಹತ್ತಿರ ಹೋಗಿ, ಒಬ್ಬರೇ ಕೂತು ಆಡುವ ಸಾಹಸದ ಆಟದ ಕೈಪಿಡಿಯೊಂದನ್ನು ಹಿಡಿದುಕೊಂಡು ಬಂದೆ. ನಲವತ್ತು ಪುಟ, ಕೊನೆಯ ಎರಡು ಪುಟ ಹರಿದುಹೋಗಿತ್ತು.

ಆಟ ಸರಳ. ನಮ್ಮ ವೀರನನ್ನು ನಾವೇ ಮಾಡಿಕೊಳ್ಳಬೇಕು. ಅವನ ಬಲ, ಚುರುಕು, ಧೈರ್ಯ, ಬುದ್ಧಿ ಎಷ್ಟೆಷ್ಟು ಅಂತ ದಾಳ ಹೇಳುತ್ತದೆ. ಅವನು ಗುಹೆಗೋ ಪಾಳುಕೋಟೆಗೋ ಹೊಕ್ಕಾಗ, ಬಾಗಿಲ ಹಿಂದೆ ರಾಕ್ಷಸ ಇದ್ದಾನೋ ಇಲ್ಲವೋ ಎಂದು ಇಪ್ಪತ್ತು ಮುಖದ ದಾಳವನ್ನು ಕೇಳಬೇಕು. ಅದು ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾ ಕಥೆ ಮುಂದುವರಿಸಬೇಕು. ಎದುರಾಳಿ ಇಲ್ಲ, ಪಂಚಾಯಿತಿ ಮಾಡುವವರೂ ಇಲ್ಲ. ಅದಕ್ಕೇ ಕೈಪಿಡಿಯ ಮೂರನೇ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಒಂದು ಮಾತಿತ್ತು: ಆಡುವ ಮೊದಲೇ ನಿಮ್ಮ ಮನೆಯ ನಿಯಮಗಳನ್ನು ಬರೆದುಕೊಳ್ಳಿ.

ಹಸಿದವನಿಗೆ ಊಟ ಬಡಿಸಿದ ಹಾಗಾಯಿತು. ಆಟ ಶುರುಮಾಡದೆ ಹನ್ನೊಂದು ದಿನ ನಾನು ನಿಯಮಗಳನ್ನೇ ಬರೆದೆ. ಬರೆಯುವುದು ಶಾಯಿಯಲ್ಲಿ, ಪೆನ್ಸಿಲ್ ಮುಟ್ಟುವಂತಿಲ್ಲ. ಮೇಜಿನಿಂದ ಕೆಳಗೆ ಬಿದ್ದ ದಾಳ ಲೆಕ್ಕಕ್ಕಿಲ್ಲ. ಒಂದು ಪ್ರಶ್ನೆಯನ್ನು ಒಂದೇ ಸಲ ಕೇಳಬೇಕು, ಮಾತು ತಿರುಚಿ ಮತ್ತೆ ಕೇಳಬಾರದು. ಸತ್ತವನು ಸತ್ತ. ಇವೆಲ್ಲದರ ಮೇಲೆ, ಕೆಂಪು ಶಾಯಿಯಲ್ಲಿ: ಬಿದ್ದದ್ದು ಬಿತ್ತು, ಎರಡನೇ ಎಸೆತ ಇಲ್ಲ.

ಹೆಂಡತಿ ಕಾಫಿ ತಂದಿಡುತ್ತಾ ಇಣುಕಿದಳು. "ಒಬ್ರೇ ಆಡೋ ಆಟಕ್ಕೆ ಇಷ್ಟು ಕಾನೂನಾ? ಮೋಸ ಮಾಡಿದ್ರೆ ಯಾರಿಗೆ ಮಾಡಿದ ಹಾಗಾಯ್ತು?"

"ಅದಕ್ಕೇ ಕಾನೂನು ಬೇಕಾಗಿರೋದು," ಎಂದೆ.

"ಸರಿ ಹೋಯ್ತು. ನಿಮ್ಮ ಕಾವಲುಗಾರ ರಾಕ್ಷಸನ ಎದುರು ನಿಂತು ಮೊದಲು ಲೈಸೆನ್ಸ್ ಕೇಳ್ತಾನೆ ಬಿಡಿ," ಎಂದು ಅವಳು ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ಹೋದಳು.

ಕೈಪಿಡಿಯ ಪ್ರಕಾರ ಒಂಟಿ ವೀರ ಮೂರನೇ ಕೋಣೆ ದಾಟುವುದು ಅಪರೂಪ. ಬೇಕಿದ್ದರೆ ಒಬ್ಬ ಸಂಗಾತಿಯನ್ನು ಇಟ್ಟುಕೊಳ್ಳಬಹುದು. ನಾನು ಸಂಗಾತಿಗೆ ಒಂದು ಹೊಸ ಹಾಳೆ ತೆಗೆದೆ. ಬೀಗ ತೆಗೆಯುವುದರಲ್ಲಿ ನಿಪುಣ. ಕಾಲು ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಕೂತಲ್ಲಿ ಕೂರುವುದಿಲ್ಲ. ದೌರ್ಬಲ್ಯ: ಕತ್ತಲ ಕೋಣೆ ಕಂಡರೆ ಹೇಳದೆ ಕೇಳದೆ ಮೊದಲು ನುಗ್ಗುತ್ತಾನೆ. ಈ ಹಾಳೆಗೆ ಹನ್ನೊಂದು ದಿನ ಬೇಕಾಗಲಿಲ್ಲ, ಹತ್ತು ನಿಮಿಷ ಸಾಕಾಯಿತು.

ಮಧ್ಯಾಹ್ನ ಊಟಕ್ಕೆ ಬಂದ ಹೆಂಡತಿ ಹಾಳೆ ಎತ್ತಿಕೊಂಡು ಓದಿದಳು. ಓದಿ ಮೆಲ್ಲಗೆ ಮೇಜಿನ ಮೇಲೆ ಇಟ್ಟಳು.

"ಇದು ಬುಗುರಿ ಅಲ್ವಾ?"

ನಾನು ತಟ್ಟೆ ಎಳೆದುಕೊಂಡೆ. ಅನ್ನ ಕಲಸಿದೆ.

ಬುಗುರಿ ನನ್ನ ತಮ್ಮ. ನನಗಿಂತ ಐದು ವರ್ಷ ಚಿಕ್ಕವನು. ಒಂದು ಕಡೆ ನಿಂತರೆ ಬಿದ್ದೇ ಹೋಗುತ್ತಾನೆ ಅಂತ ಅಮ್ಮ ಇಟ್ಟ ಹೆಸರು. ಹುಡುಗರಾಗಿದ್ದಾಗ ನಾವಿಬ್ಬರೂ ಇಂಥದೇ ಆಟ ಆಡುತ್ತಿದ್ದೆವು. ನನ್ನದು ನೀಲಿ ದಾಳ, ಅವನದು ಹಸಿರು. ಅವನಿಗೆ ಇಪ್ಪತ್ತು ಬಿದ್ದಷ್ಟು ಸಲ ನನಗೆ ಹತ್ತೂ ಬೀಳುತ್ತಿರಲಿಲ್ಲ. "ಕೈಚಳಕ ಮಾಡ್ತೀಯ, ಕಳ್ಳ," ಎಂದು ನಾನು ಕಿರುಚುತ್ತಿದ್ದೆ. "ನಾನು ಎಸೀತೀನಿ ಅಷ್ಟೇ ಅಣ್ಣ, ಅದು ಬೀಳುತ್ತೆ," ಎಂದು ಅವನು ಹಲ್ಲು ಬಿಡುತ್ತಿದ್ದ.

ದೊಡ್ಡವನಾಗಿ ಅವನು ಮೊಳೆ, ತಿರುಪು, ಕೀಲು ತೂಗಿ ಮಾರುವ ಅಂಗಡಿ ಇಟ್ಟ. ಒಂಬತ್ತು ವರ್ಷದ ಹಿಂದೆ ತಪಾಸಣೆಯ ಪಟ್ಟಿಯಲ್ಲಿ ಆ ಬೀದಿ ನನ್ನ ಪಾಲಿಗೆ ಬಂತು. ಬೇರೆಯವರನ್ನು ಕಳಿಸಿ ಎಂದು ಮೇಲಿನವರನ್ನು ಕೇಳಬಹುದಿತ್ತು. ಕೇಳಲಿಲ್ಲ. ತಮ್ಮನೆಂದು ಬಿಟ್ಟ ಎಂದು ಯಾರೂ ನನ್ನತ್ತ ಬೆರಳು ತೋರಿಸಬಾರದು ಎಂಬ ಜಂಬ. ಅವನ ತಕ್ಕಡಿ ಕಿಲೋಗೆ ನಲವತ್ತು ಗ್ರಾಂ ಕಡಿಮೆ ತೂಗುತ್ತಿತ್ತು.

"ನಾನು ಮುಟ್ಟಿಲ್ಲ ಅಣ್ಣ. ಅದು ಬಂದಿದ್ದೇ ಹಾಗೆ," ಎಂದ.

ತಕ್ಕಡಿಗೆ ಸೀಲು ಹಾಕಿ ಸುಮ್ಮನೆ ಬಂದಿದ್ದರೆ ಅದು ಕೆಲಸ. ನಾನು ಅಲ್ಲಿಗೆ ನಿಲ್ಲಿಸಲಿಲ್ಲ. ಅಂಗಡಿಯಲ್ಲಿ ಆರು ಜನ ಗಿರಾಕಿಗಳಿದ್ದರು. ಅವರ ಎದುರಿಗೇ, "ಚಿಕ್ಕಂದಿನಿಂದ ನಿಂದು ಇದೇ ಕಥೆ. ದಾಳದಲ್ಲೂ ಮೋಸ, ತಕ್ಕಡಿಯಲ್ಲೂ ಮೋಸ," ಎಂದೆ. ಒಬ್ಬ ನಕ್ಕ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಆರು ತಿಂಗಳಲ್ಲಿ ಬುಗುರಿ ಅಂಗಡಿ ಮುಚ್ಚಿದ. ಬೇರೆ ಊರಿಗೆ ಹೋಗಿ ಸೈಕಲ್ ರಿಪೇರಿ ಶುರುಮಾಡಿದ. ನನ್ನ ಹೆಂಡತಿಗೆ ಆಗಾಗ ಫೋನ್ ಮಾಡುತ್ತಾನೆ, ನನಗೆ ಮಾಡುವುದಿಲ್ಲ. "ಅಣ್ಣ ಆ ಮಾತು ವಾಪಸ್ ತಗೊಳ್ಳೋವರೆಗೂ ಆ ಮನೆ ಹೊಸ್ತಿಲು ತುಳಿಯಲ್ಲ ಅತ್ತಿಗೆ," ಎಂದು ಅವಳಿಗೆ ಹೇಳಿದ್ದಾನೆ. ನಾನೋ, ಸರಿಯಾಗಿ ಅಳೆದದ್ದನ್ನು ಯಾಕೆ ವಾಪಸ್ ತಗೊಳ್ಳಲಿ ಎಂದು ಒಂಬತ್ತು ವರ್ಷ ಸೆಟೆದು ನಿಂತವನು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ಅನ್ನದ ತಟ್ಟೆ ಎತ್ತುತ್ತಾ ಹೆಂಡತಿ ಹೇಳಿದಳು: "ಮನುಷ್ಯನನ್ನ ಮನೆಯಿಂದ ಆಚೆ ಹಾಕಿ ಹಾಳೆ ಮೇಲೆ ಕೂರಿಸ್ಕೊಂಡಿದ್ದೀರಲ್ಲ. ಭಲೇ."

"ಆಟ ಆಡು ಅಂದವಳು ನೀನೇ."

"ಆಡಿ. ಯಾರು ಬೇಡ ಅಂದ್ರು? ಆದ್ರೆ ಅಲ್ಲಿ ಸತ್ತವನು ಸತ್ತ ಅಂತ ಬರ್ದಿದ್ದೀರಿ. ಮೊದಲನೇ ಕೋಣೇಲೇ ಇವನು ಸತ್ರೆ ಏನ್ಮಾಡ್ತೀರಿ?"

ಅದು ನನ್ನ ತಲೆಯಲ್ಲಿ ಹುಳ ಬಿಟ್ಟಿತು. ಕತ್ತಲ ಕೋಣೆಗೆ ಮೊದಲು ನುಗ್ಗುವವನು ಅವನು. ಅವನ ಜೀವ ನಿಂತಿರುವುದು ಒಂದು ದಾಳದ ಮೇಲೆ, ಎರಡನೇ ಎಸೆತವೂ ಇಲ್ಲ. ಹಾಗಿದ್ದರೆ ಆ ದಾಳ ಸರಿಯಾಗಿರಬೇಕು. ನಾನು ಇನ್ನೊಂದು ನಿಯಮ ಬರೆದೆ: ಪರೀಕ್ಷೆ ಮಾಡದ ದಾಳ ಮೇಜಿನ ಮೇಲೆ ಬರಕೂಡದು.

ದಾಳ ಪರೀಕ್ಷೆ ಮಾಡುವುದು ಕಷ್ಟವಲ್ಲ. ಗಾಜಿನ ಲೋಟದಲ್ಲಿ ನೀರು ತುಂಬಿ, ದಾಳ ತೇಲುವವರೆಗೆ ಉಪ್ಪು ಕರಗಿಸಬೇಕು. ತೇಲುವ ದಾಳವನ್ನು ಬೆರಳಿನಿಂದ ಉರುಳಿಸಿ, ಯಾವ ಮುಖ ಮೇಲೆ ಬರುತ್ತದೆ ನೋಡಬೇಕು. ಒಳ್ಳೆಯ ದಾಳ ಒಂದೊಂದು ಸಲ ಒಂದೊಂದು ಮುಖ ತೋರಿಸುತ್ತದೆ. ಒಳಗೆಲ್ಲೋ ಗಾಳಿಯ ಗುಳ್ಳೆ ಉಳಿದುಕೊಂಡಿದ್ದರೆ ಆ ಹಗುರ ಭಾಗವೇ ಮೇಲೆ ಮೇಲೆ ಬರುತ್ತದೆ.

ಕೈಪಿಡಿಯ ಜೊತೆ ಬಂದಿದ್ದ ದಾಳಗಳು ಪಾಸಾದವು. ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಿಂದ ನಮ್ಮ ಹಳೆಯ ಎರಡನ್ನೂ ತೆಗೆದೆ. ಯಾಕೆ ತೆಗೆದೆ ಎಂದರೆ, ಸಂಗಾತಿಗೆ ಅವನ ದಾಳವನ್ನೇ ಕೊಡೋಣ ಎನ್ನಿಸಿತು. ನೀಲಿ ಪಾಸಾಯಿತು. ಹಸಿರನ್ನು ನೀರಿಗೆ ಬಿಟ್ಟು ಉರುಳಿಸಿದೆ. ಇಪ್ಪತ್ತು. ಮತ್ತೆ ಉರುಳಿಸಿದೆ, ಇಪ್ಪತ್ತು. ಹನ್ನೆರಡು ಸಲದಲ್ಲಿ ಹತ್ತು ಸಲ ಇಪ್ಪತ್ತೇ ಮೇಲೆ ಬಂತು.

ನೀರಿನ ಮಾತೊಂದೇ ಸಾಲದು ಎಂದು ಅದನ್ನು ಒರೆಸಿ, ಮೇಜಿನ ಮೇಲೆ ನೂರು ಸಲ ಎಸೆದೆ. ಗೆರೆ ಹಾಕುತ್ತಾ ಹೋದೆ. ಐದು ಸಲ ಬೀಳಬೇಕಾದ ಇಪ್ಪತ್ತು ಹದಿನಾಲ್ಕು ಸಲ ಬಿದ್ದಿತ್ತು.

ಹುಡುಗ ಕೈಚಳಕ ಮಾಡಿರಲಿಲ್ಲ. ಅವನು ಎಸೆಯುತ್ತಿದ್ದ, ಅದು ಬೀಳುತ್ತಿತ್ತು. ತಕ್ಕಡಿಯ ಮಾತು ಹಾಗಿರಲಿ, ಆರು ಜನರ ಮುಂದೆ ನಾನಾಡಿದ ಮಾತಿನಲ್ಲಿ ಅರ್ಧ ಸುಳ್ಳು. ಸುಳ್ಳು ತೂಗಿದವನು ನಾನು. ನನಗೆ ನಾಚಿಕೆಯಾಯಿತು. ಕುರ್ಚಿಯಲ್ಲಿ ಕೂರಲಾಗದೆ ಎದ್ದು ಕಿಟಕಿಯ ಹತ್ತಿರ ನಿಂತೆ. ಎದುರು ಬೀದಿಯಲ್ಲಿ ಹೆಂಡತಿಯ ಕಾರು ಎರಡು ಸಲ ಮುಗ್ಗರಿಸಿ ನಿಂತಿತು. ಯಾರೋ ಹೊಸಬರು ಕ್ಲಚ್ ಬಿಡಲು ಕಲಿಯುತ್ತಿದ್ದರು.

ಸಂಜೆ ಐದಕ್ಕೆ ಅವಳು ಒಳಗೆ ಬಂದಾಗ ಲೋಟ, ಉಪ್ಪಿನ ಡಬ್ಬಿ, ಗೆರೆ ಹಾಕಿದ ಹಾಳೆ ಎಲ್ಲಾ ತೋರಿಸಿದೆ. ಅವಳು ಹಾಳೆ ನೋಡಲೂ ಇಲ್ಲ. ಫೋನ್ ತೆಗೆದು ನಂಬರ್ ಒತ್ತಿ ನನ್ನ ಕೈಗೆ ಕೊಟ್ಟಳು.

"ಹೇಳಿ ಅತ್ತಿಗೆ," ಎಂದ ಬುಗುರಿ. ಹಿಂದೆ ಪಂಪಿನಿಂದ ಗಾಳಿ ತುಂಬುವ ಸದ್ದು.

"ನಾನು ಕಣೋ."

ಪಂಪಿನ ಸದ್ದು ನಿಂತಿತು.

ನಾನು ವರದಿ ಓದಿದ ಹಾಗೆ ಹೇಳಿಬಿಟ್ಟೆ. ಹಸಿರು ದಾಳದಲ್ಲಿ ದೋಷ ಇದೆ, ನೂರಕ್ಕೆ ಹದಿನಾಲ್ಕು. ಕೈಚಳಕ ಅಲ್ಲ. ಆವತ್ತು ಅಂಗಡಿಯಲ್ಲಿ ಆಡಿದ ಮಾತು ವಾಪಸ್ ತಗೊಂಡಿದ್ದೇನೆ. ಆರು ಜನರ ಎದುರಿಗೆ ಹಾಗೆ ಅಂದಿದ್ದು ನನ್ನ ತಪ್ಪು. ಕೊನೆಯ ವಾಕ್ಯಕ್ಕೆ ಬರುವಾಗ ಕೆಮ್ಮಿದ ಹಾಗೆ ಮಾಡಿದೆ.

ಅವನು ಪಂಪು ನೆಲಕ್ಕಿಟ್ಟ ಸದ್ದು ಕೇಳಿಸಿತು.

"ಉಪ್ಪುನೀರಲ್ಲಿ ಹಾಕಿ ನೋಡಿದ್ಯಾ?"

"ಹೂಂ."

"ನಾನೂ ಹಾಕಿ ನೋಡಿದ್ದೆ ಅಣ್ಣ. ಎಂಟನೇ ಕ್ಲಾಸಲ್ಲಿ. ಉಪ್ಪುನೀರಲ್ಲಿ ಮೊಟ್ಟೆ ತೇಲುತ್ತೆ ಅಂತ ನೀನೇ ತೋರ್ಸಿದ್ದೆ, ನೆನಪಿದ್ಯಾ? ಅದೇ ಲೋಟಕ್ಕೆ ದಾಳ ಹಾಕ್ದೆ." ಅವನು ಉಸಿರು ಬಿಟ್ಟ. "ನಂಗೆ ಗೊತ್ತಿತ್ತು. ಗೊತ್ತಿದ್ದೇ ಹಸಿರು ನಂದು ಅಂತ ಹಟ ಹಿಡೀತಿದ್ದೆ."

ಎಲಾ ಇವನ! ನಾನು ಫೋನನ್ನು ಕಿವಿಯಿಂದ ದೂರ ಹಿಡಿದು ಒಮ್ಮೆ ನೋಡಿದೆ. ಹೆಂಡತಿ ಏನು ಎಂದು ಹುಬ್ಬು ಹಾರಿಸಿದಳು.

"ಈಗ ನೀನು ಆ ಮಾತು ಮತ್ತೆ ಇಟ್ಕೋಬಹುದು," ಎಂದ ಬುಗುರಿ. ದನಿ ಚಿಕ್ಕದಾಗಿತ್ತು. "ವಾಪಸ್ ತಗೊಂಡಿದ್ದನ್ನ."

ಮೇಜಿನ ಮೇಲೆ ನಿಯಮದ ಹಾಳೆ ತೆರೆದೇ ಇತ್ತು. "ಆಗಲ್ಲ. ಎರಡನೇ ಎಸೆತ ಇಲ್ಲ," ಎಂದೆ. "ಮನೆ ನಿಯಮ."

ಅವನು ನಗಲೂ ಇಲ್ಲ, ಅಳಲೂ ಇಲ್ಲ. ಅವನು ಕಾಯುತ್ತಿದ್ದದ್ದು ನನಗೆ ತಿಳಿಯಿತು. ಕೇಳಬೇಕಾದದ್ದು ಒಂದೇ ಪ್ರಶ್ನೆ ಉಳಿದಿತ್ತು. ದಾಳದ ವಿಷಯ ಗೊತ್ತಿದ್ದವನಿಗೆ ತಕ್ಕಡಿಯದು ಗೊತ್ತಿರಲಿಲ್ಲವೇ? ಮೂವತ್ತೊಂದು ವರ್ಷ ನನ್ನ ನಾಲಿಗೆ ಅದೊಂದನ್ನೇ ಕೇಳಿ ಸವೆದಿದೆ. ಕೇಳಿದ್ದರೆ ಅವನು ನಿಜ ಹೇಳುತ್ತಿದ್ದ. ಅದು ಅವನ ಉಸಿರಿನಲ್ಲೇ ಗೊತ್ತಾಗುತ್ತಿತ್ತು.

"ಇನ್ನೇನಾದ್ರೂ ಕೇಳೋದಿದ್ಯಾ ಅಣ್ಣ?"

"ಇದೆ," ಎಂದೆ. "ಭಾನುವಾರ ಎಷ್ಟು ಗಂಟೆಗೆ ಬರ್ತೀಯ?"

ಅವನು ಮೂಗು ಒರೆಸಿಕೊಂಡ ಸದ್ದು ಬಂತು. ನಾನು ಆಟದ ಬಗ್ಗೆ ಹೇಳಿದೆ, ಕಾವಲುಗಾರ, ಲಾಟೀನು, ಪಾಳುಕೋಟೆ.

"ದಾಳ ಯಾವ್ದು?" ಎಂದ ಕೊನೆಗೆ.

"ಹಸಿರು."

"ನಂಗಾ, ನಿಂಗಾ?"

"ಇಬ್ರಿಗೂ ಅದೇ."

ಈಗ ಅವನು ನಕ್ಕ. ಹುಡುಗನಾಗಿದ್ದಾಗ ನಗುತ್ತಿದ್ದ ಹಾಗೆ, ಮೊದಲು ಮೂಗಿನಲ್ಲಿ, ಆಮೇಲೆ ಬಾಯಿ ತುಂಬ. "ಹತ್ತು ಗಂಟೆ ಬಸ್ಸಿಗೆ ಬರ್ತೀನಿ. ನನ್ನ ಪಾತ್ರಾನ ನಾನೇ ಬರ್ಕೋತೀನಿ, ನೀನು ಬರ್ದು ಇಟ್ಟಿರಬೇಡ."

"ಬರೆದಿಲ್ಲ," ಎಂದೆ. ಬುದ್ಧಿ ಬಂದಮೇಲೆ ನಾನು ಬೇಕೆಂದೇ ಹೇಳಿದ ಮೊದಲ ಸುಳ್ಳು ಅದು. ಫೋನ್ ಇಟ್ಟು, ಬೀಗ ತೆಗೆಯುವವನ ಹಾಳೆಯನ್ನು ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಿದೆ.